ಥೆರಪಿಯಲ್ಲಿ ಬಾಲ್ಯದ ಮಾತು ಬಂದಾಗಲೆಲ್ಲ ‘ಚೆನ್ನಾಗಿತ್ತು’ ಅಂದುಬಿಡುತ್ತೇನೆ. ನೀವೆಲ್ಲ ಹೇಗೆ ಬಾಯಿ ಬಿಟ್ಟಿರಿ?

ಸದ್ದಿಲ್ಲದವಳು

ತುಂಬ ದಿನದಿಂದ ಇದನ್ನು ಬರೆಯುವುದು, ಅಳಿಸುವುದು ಮಾಡುತ್ತಿದ್ದೆ. ಇವತ್ತು ಅಳಿಸುವ ಮೊದಲೇ ಹಾಕಿಬಿಡುತ್ತೇನೆ. ಸ್ವಲ್ಪ ಉದ್ದ ಇದೆ, ಓದಿದವರಿಗೆ ಮೊದಲೇ ಥ್ಯಾಂಕ್ಸ್.

ನನಗೆ 34 ವರ್ಷ. ರಾತ್ರಿ ನಿದ್ದೆ ಹತ್ತುವುದಿಲ್ಲ ಅಂತ ಥೆರಪಿಗೆ ಹೋಗಲು ಶುರು ಮಾಡಿದೆ. ಎಂಟು ಸೆಷನ್ ಆಗಿದೆ. ಥೆರಪಿಸ್ಟ್ ಒಳ್ಳೆಯವರು. ಅವಸರ ಮಾಡುವುದಿಲ್ಲ, ಮಧ್ಯೆ ಬಾಯಿ ಹಾಕುವುದಿಲ್ಲ, ಹೋದ ವಾರ ನಾನು ಸುಮ್ನೆ ಹೇಳಿದ ಮಾತನ್ನೂ ನೆನಪಿಟ್ಟುಕೊಂಡಿರುತ್ತಾರೆ. ಅವರ ಕಡೆಯಿಂದ ಏನೂ ತೊಂದರೆ ಇಲ್ಲ. ಎರಡನೇ ಸೆಷನ್‌ನಲ್ಲಿ ‘ನೀವು ಚಿಕ್ಕವರಿದ್ದಾಗ ಮನೆ ಹೇಗಿತ್ತು?’ ಅಂತ ಕೇಳಿದರು. ‘ಚೆನ್ನಾಗಿತ್ತು’ ಅಂದೆ. ಯೋಚಿಸಿ ಹೇಳಿದ್ದಲ್ಲ. ಯಾರಾದರೂ ಕಾಲು ತುಳಿದು ಸಾರಿ ಅಂದಾಗ ‘ಪರವಾಗಿಲ್ಲ’ ಅನ್ನುತ್ತೇವಲ್ಲ, ಹಾಗೆ ಬಂತು. ಐದನೇ ಸೆಷನ್‌ನಲ್ಲಿ ಬೇರೆ ದಾರಿಯಿಂದ ಬಂದು ಕೇಳಿದರು. ಮತ್ತೆ ಅದೇ ಉತ್ತರ.

ಚೆನ್ನಾಗಿರಲಿಲ್ಲ.

ಅಪ್ಪನಿಗೆ ತುಂಬ ಸಿಟ್ಟು. ಯಾವಾಗಲೂ ಅಲ್ಲ, ಅದೇ ಕಷ್ಟ. ಕೆಲವು ದಿನ ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತಿಸುತ್ತಿದ್ದರು. ಕೆಲವು ದಿನ ಪುಸ್ತಕ ನೆಲದ ಮೇಲೆ ಬಿದ್ದಿದೆ ಅನ್ನುವ ಕಾರಣಕ್ಕೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು, ಅಮ್ಮನ ಮೇಲೆ ಕೈಯೂ ಆಗುತ್ತಿತ್ತು. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಇವತ್ತು ಯಾವ ಅಪ್ಪ ಬರುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಗೊತ್ತಾದ ತಕ್ಷಣ ತಮ್ಮನನ್ನು ಒಳಗಿನ ರೂಮಿಗೆ ಕಳಿಸುತ್ತಿದ್ದೆ. ನನಗಾಗ ಏಳೋ ಎಂಟೋ. ಜಗಳ ಆದ ಮೇಲೆ ಅಮ್ಮ ದಿನಗಟ್ಟಲೆ ಮಾತು ಬಿಡುತ್ತಿದ್ದಳು, ಅಪ್ಪನ ಜೊತೆ ಮಾತ್ರ ಅಲ್ಲ, ನಮ್ಮ ಜೊತೆಯೂ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದಳು. ಅದನ್ನು ಅಪ್ಪನಿಗೆ ತಲುಪಿಸುವುದು, ಅವರ ಮುಖ ನೋಡಿಕೊಂಡು ಉತ್ತರ ತರುವುದು ನನ್ನ ಕೆಲಸ.

ಇಷ್ಟು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿ ಕೂತಾಗ ಗಂಟಲು ಕಟ್ಟಿಕೊಳ್ಳುತ್ತದೆ. ಇಲ್ಲದಿದ್ದರೆ ನಗು ಬರುತ್ತದೆ, ಅದು ಇನ್ನೂ ಕೆಟ್ಟದು.

ಯಾಕೆ ಹೇಳಲು ಆಗುತ್ತಿಲ್ಲ ಅಂತ ತುಂಬ ಯೋಚಿಸಿದ್ದೇನೆ. ಇದೇನು ಅಂಥ ದೊಡ್ಡ ವಿಷಯವಾ ಅನ್ನಿಸುತ್ತದೆ. ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ, ಓದಿಸಿದರು, ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದೂ ಇದೆ. ನನಗಿಂತ ಎಷ್ಟೋ ಜಾಸ್ತಿ ಅನುಭವಿಸಿದವರು ಇದ್ದಾರೆ. ಆದರೆ ಎಲ್ಲಕ್ಕಿಂತ ಹೆಚ್ಚು ತಡೆಯುವುದು ಬೇರೆ. ಅಪ್ಪನಿಗೆ ಈಗ 71. ಮಂಡಿ ನೋವು, ನಿಧಾನ ನಡೆಯುತ್ತಾರೆ. ಆ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಫೋನ್ ಮಾಡಿದರೆ ಮೊದಲು ಕೇಳುವುದೇ ‘ರಾತ್ರಿ ನಿದ್ದೆ ಬಂತಾ ಪುಟ್ಟಿ?’ ಅಂತ. ಆ ಮನುಷ್ಯನ ಬಗ್ಗೆ ಹೊರಗಿನವರ ಮುಂದೆ ಕೂತು ದೂರು ಹೇಳುವುದು ದ್ರೋಹ ಅಲ್ವಾ? ಅವರ ಬೆನ್ನ ಹಿಂದೆ ಅವರ ಮೇಲೆ ಕೇಸು ನಡೆಸಿದ ಹಾಗೆ ಅನ್ನಿಸುತ್ತದೆ.

ಒಂದು ಸಲ ಶುರುವಾದರೆ ನಿಲ್ಲಿಸಲು ಆಗದೇ ಹೋದರೆ ಅನ್ನುವ ಭಯವೂ ಇದೆ.

ನೀವು ಮೊದಲ ಸಲ ಏನು ಹೇಳಿದಿರಿ, ಹೇಗೆ ಹೇಳಿದಿರಿ? ಎಲ್ಲವನ್ನೂ ಹೇಳಲೇಬೇಕಾ? ಹೇಳಿದ ಮೇಲೆ ಏನಾಯಿತು?

ನೀಲಿ_ನೋಟ್‌ಬುಕ್

ನಿಮ್ಮ ಮೆಟ್ಟಿಲಿನ ಸದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಅದು ಕೀ ಗೊಂಚಲಿನ ಸದ್ದು.

ನಾನು ಹನ್ನೊಂದು ಸೆಷನ್ ಸುಮ್ಮನಿದ್ದೆ. ಆಫೀಸು, ಗಂಡ, ಆಫೀಸು, ತಲೆನೋವು, ಇದರಲ್ಲೇ ಸುತ್ತಿದೆ. ಹನ್ನೊಂದನೇ ದಿನ ಟೈಮ್ ಮುಗಿಯಲು ಮೂರು ನಿಮಿಷ ಇದೆ ಅನ್ನುವಾಗ, ಬ್ಯಾಗು ಎತ್ತಿಕೊಂಡು ಏಳುತ್ತಾ, ‘ಅಂದ ಹಾಗೆ ನಮ್ಮಮ್ಮ ನನ್ನನ್ನು ಬಚ್ಚಲಲ್ಲಿ ಕೂಡಿ ಹಾಕುತ್ತಿದ್ದರು’ ಅಂದೆ. ಅಂದು ಎದ್ದು ನಿಂತೆ. ಹೀಗೆ ಬಾಗಿಲ ಹತ್ತಿರ ನಿಂತು ದೊಡ್ಡ ಮಾತು ಹೇಳುವುದು ತುಂಬ ಜನ ಮಾಡುವುದೇ ಅಂತ ಆಮೇಲೆ ತಿಳಿಯಿತು. ಓಡಲು ದಾರಿ ಇದ್ದಾಗ ಹೇಳುವುದು ಸುಲಭ, ಅಷ್ಟೇ. ಅವರು ನನ್ನನ್ನು ಮತ್ತೆ ಕೂರಿಸಲಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು. ಇವತ್ತು ಟೈಮ್ ಇಲ್ಲ, ಮುಂದಿನ ವಾರ ಇಲ್ಲಿಂದಲೇ ಶುರು ಮಾಡಬಹುದು, ನಿಮಗೆ ಬೇಕಿದ್ದರೆ ಮಾತ್ರ’ ಅಂದರು.

ಮುಂದಿನ ವಾರ ಬಾಯಿಯಿಂದ ಮಾತೇ ಹೊರಡಲಿಲ್ಲ. ಮನೆಯಲ್ಲಿ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಬರೆದುಕೊಂಡು ಹೋಗಿದ್ದೆ. ಅದನ್ನು ಅವರ ಕೈಗೆ ಕೊಟ್ಟು ‘ನೀವು ಓದಿ, ಗಟ್ಟಿಯಾಗಿ ಬೇಡ’ ಅಂದೆ. ಅವರು ಓದುತ್ತಿದ್ದಾಗ ನಾನು ಕಿಟಕಿ ನೋಡುತ್ತಾ ಕೂತಿದ್ದೆ. ಓದಿ ಮುಗಿಸಿ ಅಯ್ಯೋ ಪಾಪ ಅನ್ನಲಿಲ್ಲ, ಅಮ್ಮನನ್ನು ಬೈಯಲೂ ಇಲ್ಲ. ‘ಇದನ್ನು ಬರೆಯುವಾಗ ನಿಮ್ಮ ಜೊತೆ ಯಾರಾದರೂ ಇದ್ದರಾ?’ ಅಂತ ಕೇಳಿದರು. ಆ ಪ್ರಶ್ನೆಗೆ ನಾನು ಅತ್ತೆ. ಬಚ್ಚಲಿನ ವಿಷಯಕ್ಕೆ ಅಲ್ಲ.

ಹೇಳಿದ ಮೇಲೆ ಏನಾಯಿತು ಅಂತ ಕೇಳಿದ್ದೀರಿ. ನಿಜ ಹೇಳುತ್ತೇನೆ, ಹಗುರ ಆಗಲಿಲ್ಲ. ಎರಡು ದಿನ ಜ್ವರ ಬಂದು ಬಿಟ್ಟವರ ಹಾಗೆ ಸುಸ್ತು, ಮೂರನೇ ದಿನ ಗಂಡನ ಮೇಲೆ ಸುಮ್ನೆ ರೇಗಾಡಿದೆ. ತಪ್ಪು ಮಾಡಿದೆ, ಹೇಳಬಾರದಿತ್ತು ಅನ್ನಿಸಿತು, ಮುಂದಿನ ಸೆಷನ್ ಕ್ಯಾನ್ಸಲ್ ಮಾಡುವ ಮೆಸೇಜು ಕೂಡ ಟೈಪ್ ಮಾಡಿದ್ದೆ. ಕಳಿಸಲಿಲ್ಲ. ಹೋಗಿ ‘ಕ್ಯಾನ್ಸಲ್ ಮಾಡಬೇಕು ಅನ್ನಿಸಿತ್ತು’ ಅಂತ ಹೇಳಿದೆ, ಅವತ್ತು ಪೂರ್ತಿ ಅದರ ಬಗ್ಗೆಯೇ ಮಾತಾಡಿದೆವು. ನೀವೂ ಹೇಳಿದ ದಿನ ಸಂಜೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ದೊಡ್ಡ ವಿಷಯವಾ ಅನ್ನುವುದಕ್ಕೆ ಒಂದೇ ಮಾತು. ನಿಮ್ಮ ತಮ್ಮನಿಗೆ ಇದು ದೊಡ್ಡ ವಿಷಯ ಅಲ್ಲ ಅಂದುಕೊಂಡಿದ್ದರೆ ಅವನನ್ನು ಯಾಕೆ ಒಳಗೆ ಕಳಿಸುತ್ತಿದ್ದಿರಿ?

ಕೇಳುವ_ಕೆಲಸ

ನಾನು ಕೌನ್ಸೆಲರ್, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನಿಮ್ಮ ಥೆರಪಿಸ್ಟ್ ಜಾಗದಲ್ಲಿ ನಿಂತು ಉತ್ತರ ಹೇಳಲು ಬರುವುದಿಲ್ಲ, ಆದರೆ ಕುರ್ಚಿಯ ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳಬಹುದು.

‘ಚೆನ್ನಾಗಿತ್ತು’ ಅನ್ನುವುದನ್ನು ನಾವು ಸುಳ್ಳು ಅಂತ ಕೇಳಿಸಿಕೊಳ್ಳುವುದಿಲ್ಲ. ಒಂದೇ ಪದದಲ್ಲಿ ಬೇಗ ಬಂದ ಉತ್ತರದ ಹಿಂದೆ ಏನೋ ಇರಬಹುದು, ಇಲ್ಲದೆಯೂ ಇರಬಹುದು. ಕಾಯುತ್ತೇವೆ. ನಿಮ್ಮವರು ಮೂರು ವಾರ ಬಿಟ್ಟು ಬೇರೆ ದಾರಿಯಿಂದ ಮತ್ತೆ ಕೇಳಿದರು ಅಂದರೆ ಅವರಿಗೆ ಅಲ್ಲೇನೋ ಇದೆ ಅಂತ ಅನ್ನಿಸಿರಬೇಕು. ಹಾಗಾಗಿ ಹೋಗಿ ‘ನಾನು ಎರಡು ಸಲ ತಪ್ಪು ಉತ್ತರ ಕೊಟ್ಟೆ’ ಅಂದರೆ ಅವರಿಗೆ ಬೇಜಾರಾಗುವುದಿಲ್ಲ.

ಎಲ್ಲವನ್ನೂ ಹೇಳಲೇಬೇಕಾ? ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಥೆರಪಿ ಅಂದರೆ ಎಲ್ಲವನ್ನೂ ಕಕ್ಕಿ ಹಾಕುವುದು ಅಂತ ತುಂಬ ಜನ ತಿಳಿದಿದ್ದಾರೆ. ಜೂಡಿತ್ ಹರ್ಮನ್ ಅನ್ನುವ ಮನೋವೈದ್ಯೆ 1992ರಲ್ಲಿ ಈ ಕೆಲಸವನ್ನು ಮೂರು ಹಂತವಾಗಿ ವಿವರಿಸಿದರು. ಮೊದಲು ಸುರಕ್ಷಿತ ಅನ್ನಿಸಬೇಕು. ಆಮೇಲೆ ನೆನಪಿಸಿಕೊಳ್ಳುವುದು, ಕಳೆದುಕೊಂಡದ್ದಕ್ಕೆ ದುಃಖ ಪಡುವುದು. ಕೊನೆಗೆ ಜನರ ಜೊತೆ, ದಿನದ ಬದುಕಿನ ಜೊತೆ ಮತ್ತೆ ಸೇರಿಕೊಳ್ಳುವುದು. ಹೇಳುವುದು ಎರಡನೆಯದು. ನಿಮ್ಮ ಎಂಟು ಸೆಷನ್ ವೇಸ್ಟ್ ಆಗಿಲ್ಲ. ಈ ಮನುಷ್ಯ ಮಧ್ಯೆ ಬಾಯಿ ಹಾಕುವುದಿಲ್ಲ, ಹೇಳಿದ್ದನ್ನು ನೆನಪಿಡುತ್ತಾರೆ ಅಂತ ನೀವು ಪರೀಕ್ಷೆ ಮಾಡಿ ನೋಡಿದ್ದೀರಿ. ಒಂದು ಹೆಜ್ಜೆ ಸದ್ದಿನಲ್ಲಿ ಮನುಷ್ಯರನ್ನು ಓದಲು ಕಲಿತ ಮಗು ಬೇರೇನು ಮಾಡೀತು?

ನಿದ್ದೆಯ ಬಗ್ಗೆಯೂ ಇದನ್ನೇ ಹೇಳಬೇಕು. ಸದ್ದಿಗೆ ಕಿವಿ ಕೊಟ್ಟು ಮಲಗಿ ಅಭ್ಯಾಸವಾದ ಮೈಗೆ, ಈಗ ಅಪಾಯ ಇಲ್ಲ ಅಂತ ತಲೆಗೆ ಗೊತ್ತಿದ್ದರೂ ಕಾವಲು ಬಿಡಲು ಬರುವುದಿಲ್ಲ. ನೀವು ನಿದ್ದೆಗೆ ಅಂತ ಹೋಗಿ ಬಾಲ್ಯದ ಬಾಗಿಲಿಗೆ ಬಂದದ್ದು ದಾರಿ ತಪ್ಪಿ ಅಲ್ಲ ಅನ್ನಿಸುತ್ತದೆ ನನಗೆ. ಆದರೆ ನಿದ್ದೆಗೆ ಬೇರೆ ಕಾರಣಗಳೂ ಇರಬಹುದು, ಡಾಕ್ಟರಿಗೆ ತೋರಿಸಿಲ್ಲದಿದ್ದರೆ ತೋರಿಸಿ.

‘ದೊಡ್ಡ ವಿಷಯ ಅಲ್ಲ’ ಅನ್ನುವ ಮಾತನ್ನು ವಾರಕ್ಕೆ ಎರಡು ಮೂರು ಸಲ ಕೇಳುತ್ತೇನೆ. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಜೊತೆಯವರು 1998ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ 9,508 ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿದ್ದರು. ಹೊಡೆತ, ಲೈಂಗಿಕ ಹಿಂಸೆ ಮಾತ್ರ ಅಲ್ಲ. ಮಗುವನ್ನು ಬೈದು ಹೆದರಿಸುವುದು, ತಾಯಿಯ ಮೇಲೆ ಕೈ ಮಾಡುವುದು, ಮನೆಯಲ್ಲಿ ಕುಡಿತ, ಮಾನಸಿಕ ಕಾಯಿಲೆ, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಅರ್ಧಕ್ಕಿಂತ ಜಾಸ್ತಿ ಜನ ಒಂದಾದರೂ ಇತ್ತು ಅಂದರು. ಇಂಥವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಹೃದಯದ ಕಾಯಿಲೆ ಇಂಥವೂ ಹೆಚ್ಚು ಕಂಡವು. ಇದು ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ, ಅದು ಗುಂಪಿನ ಲೆಕ್ಕ, ನಿಮ್ಮ ಒಬ್ಬರ ಭವಿಷ್ಯ ಅಲ್ಲ. ನೀವು ಬರೆದದ್ದರಲ್ಲಿ ಒಂದಕ್ಕಿಂತ ಹೆಚ್ಚು ಆ ಪಟ್ಟಿಗೆ ಸೇರುತ್ತವೆ ಅಂತ ಹೇಳಲು ಹೇಳಿದೆ.

ನಿಲ್ಲಿಸಲು ಆಗದಿದ್ದರೆ ಅನ್ನುವ ಭಯಕ್ಕೆ: ಮೊದಲೇ ಒಂದು ಗುರುತು ಮಾಡಿಕೊಳ್ಳಿ. ಕೈ ಎತ್ತಿದರೆ ಮಾತು ನಿಲ್ಲಬೇಕು, ಅವರೂ ಮುಂದೆ ಕೇಳಬಾರದು. ಇದನ್ನು ಕೇಳಲು ನಿಮಗೆ ಹಕ್ಕಿದೆ. ಸೆಷನ್‌ನ ಮೊದಲ ಅರ್ಧದಲ್ಲೇ ಶುರು ಮಾಡಿ, ಕೊನೆಯ ಹತ್ತು ನಿಮಿಷ ಬೇರೆ ಮಾತಿಗೆ ಬಿಡಿ, ಆಗ ರಸ್ತೆಗೆ ಇಳಿಯುವಾಗ ಕಾಲಲ್ಲಿ ಸ್ವಲ್ಪ ಬಲ ಇರುತ್ತದೆ. ಡೇನಿಯಲ್ ಸೀಗೆಲ್ ಅನ್ನುವ ಮನೋವೈದ್ಯರು ಕೊಟ್ಟ ಒಂದು ಕಲ್ಪನೆಯನ್ನು ನಮ್ಮಲ್ಲಿ ತುಂಬ ಬಳಸುತ್ತೇವೆ. ಒಬ್ಬೊಬ್ಬರಿಗೂ ತಡೆದುಕೊಳ್ಳುವ ಒಂದು ಮಟ್ಟ ಇರುತ್ತದೆ. ಅದರೊಳಗೆ ಇದ್ದರೆ ನೋವಾದರೂ ಯೋಚಿಸಬಹುದು, ಮಾತಾಡಬಹುದು. ಮೀರಿದರೆ ಎದೆ ಹೊಡೆದುಕೊಳ್ಳುತ್ತದೆ, ಇಲ್ಲವೇ ಮೈ ಮರಗಟ್ಟಿ ಮಾತೇ ಬರುವುದಿಲ್ಲ. ನಿಮ್ಮ ಗಂಟಲು ಕಟ್ಟುವುದು ಅಂಚು ಬಂತು ಅನ್ನುವ ಸೂಚನೆ ಇರಬಹುದು. ಅಲ್ಲಿ ನಿಂತು ‘ಈಗ ಗಂಟಲು ಕಟ್ಟುತ್ತಿದೆ’ ಅಂತ ಹೇಳಿ. ಆ ದಿನಕ್ಕೆ ಅಷ್ಟೇ ಸಾಕು.

ಗುಟ್ಟಿನ ಬಗ್ಗೆ ಕೂಡ ಕೇಳಿಕೊಳ್ಳಿ. ಹೇಳಿದ್ದು ರೂಮಿನ ಹೊರಗೆ ಹೋಗುವುದಿಲ್ಲ, ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಅಥವಾ ಈಗ ಒಂದು ಮಗು ಹಿಂಸೆಯಲ್ಲಿದೆ ಅಂತಾದರೆ ನಿಯಮ ಬೇರೆ ಇರುತ್ತದೆ. ಆ ಗೆರೆ ಎಲ್ಲಿದೆ ಅನ್ನುವುದನ್ನು ಮೊದಲೇ ಸ್ಪಷ್ಟ ಮಾಡಿಕೊಂಡರೆ ಹೇಳುವಾಗ ಧೈರ್ಯ ಇರುತ್ತದೆ.

ಎರಡನೇ_ಸಲ

ಮೇಲಿನವರು ಹೇಳಿದ್ದಕ್ಕೆಲ್ಲ ಒಪ್ಪುತ್ತೇನೆ, ಆದರೆ ನನ್ನ ಕಥೆ ಸ್ವಲ್ಪ ಬೇರೆ, ಅದೂ ಇಲ್ಲಿರಲಿ.

ನಾನು ಎರಡನೇ ಸೆಷನ್‌ನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಒಂದು ಗಂಟೆ ನಿಲ್ಲಿಸದೆ. ಅವರು ತಡೆಯಲಿಲ್ಲ. ಮನೆಗೆ ಬಂದು ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮೂರನೇ ಸೆಷನ್‌ನಲ್ಲಿ ‘ನಿಮ್ಮ ತಂದೆಯನ್ನು ಕ್ಷಮಿಸಿದರೆ ಮಾತ್ರ ಮುಂದೆ ಹೋಗಲು ಸಾಧ್ಯ’ ಅಂದರು. ನಾಲ್ಕನೆಯದರಲ್ಲಿ ‘ಇಷ್ಟೇ ಇರಲಾರದು, ನೀವು ಮರೆತಿರುವುದು ಇನ್ನೂ ಇದೆ, ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ’ ಅಂದರು. ಆಮೇಲೆ ನಾನು ಹೋಗಲಿಲ್ಲ. ಎರಡು ವರ್ಷ ಯಾರ ಹತ್ತಿರವೂ ಹೋಗಲಿಲ್ಲ.

ಇಲ್ಲದ ನೆನಪನ್ನು ಹುಡುಕಿಸುವುದು ಎಷ್ಟು ಅಪಾಯ ಅಂತ ನನಗೆ ಆಗ ಗೊತ್ತಿರಲಿಲ್ಲ. ಎಲಿಜಬೆತ್ ಲಾಫ್ಟಸ್ ಅನ್ನುವ ಮನಃಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿ 1995ರಲ್ಲಿ 24 ಜನರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಮನೆಯವರು ಹೇಳಿದ ಮೂರು ನಿಜ ಘಟನೆಗಳ ಜೊತೆ, ಚಿಕ್ಕವರಿದ್ದಾಗ ಅಂಗಡಿಗಳ ಮಧ್ಯೆ ಕಳೆದುಹೋಗಿದ್ದಿರಿ ಅನ್ನುವ ಒಂದು ಕಟ್ಟುಕಥೆ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗ ಜನ ಆ ನಡೆಯದ ಘಟನೆಯೂ ಪೂರ್ತಿಯೋ ಅಷ್ಟಿಷ್ಟೋ ನೆನಪಿದೆ ಅಂದರು. ಇದನ್ನು ಹಿಡಿದುಕೊಂಡು ಬಾಲ್ಯದ ನೆನಪೆಲ್ಲ ಸುಳ್ಳು ಅನ್ನುವವರೂ ಇದ್ದಾರೆ, ಅದೂ ತಪ್ಪು. ನೀವು ಮರೆಯದೇ ಇಟ್ಟುಕೊಂಡ ಮೆಟ್ಟಿಲ ಸದ್ದು, ಚೀಟಿ, ಇವು ನಿಮ್ಮವು. ಯಾರೂ ತುರುಕಿದ್ದಲ್ಲ. ಆದರೆ ಇನ್ನೂ ಇದೆ, ಹುಡುಕಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಎದ್ದು ಬನ್ನಿ.

ಈಗಿನವರ ಹತ್ತಿರ ಮೊದಲ ದಿನವೇ ಹಿಂದೆ ಆದದ್ದನ್ನು ಹೇಳಿದೆ. ಅವರು ಬಾಲ್ಯದ ಬಗ್ಗೆ ಐದು ತಿಂಗಳು ಕೇಳಲಿಲ್ಲ. ಮೈ ನಡುಗಿದಾಗ ಏನು ಮಾಡಬೇಕು, ನಿದ್ದೆಯಲ್ಲಿ ಬೆಚ್ಚಿದಾಗ ಎಲ್ಲಿದ್ದೇನೆ ಅಂತ ಹೇಗೆ ಗುರುತಿಸಿಕೊಳ್ಳಬೇಕು, ಇದನ್ನೇ ಕಲಿಸಿದರು. ನನಗೆ ಆಗ ಅಸಮಾಧಾನ ಇತ್ತು, ಇದಕ್ಕೇನು ದುಡ್ಡು ಕೊಡಬೇಕಾ ಅಂತ. ಆರನೇ ತಿಂಗಳು ಹೇಳಲು ಶುರು ಮಾಡಿದಾಗ ತಿಳಿಯಿತು, ಈಗ ನಾನು ಹೇಳಿಯೂ ಸಂಜೆ ಮನೆಗೆ ಹೋಗಿ ಬಟ್ಟೆ ಮಡಚಬಲ್ಲೆ.

ನಿಮ್ಮವರು ಅವಸರ ಮಾಡುವುದಿಲ್ಲ ಅಂತ ಬರೆದಿದ್ದೀರಿ. ಅದು ಸಣ್ಣ ಮಾತಲ್ಲ.

ಸದ್ದಿಲ್ಲದವಳು

ಮೂರನ್ನೂ ಎರಡೆರಡು ಸಲ ಓದಿದೆ. ತಮ್ಮನ ಬಗ್ಗೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಅದು ಬೆಳಗಿನಿಂದ ತಲೆಯಲ್ಲಿ ಕೂತಿದೆ.

@ಕೇಳುವ_ಕೆಲಸ, ಎರಡು ಸಂದೇಹ. ನಾನು ನಕ್ಕುಬಿಟ್ಟರೆ ಅವರು ನಂಬುತ್ತಾರಾ? ಮತ್ತೆ, ಹೇಳಿದ ಮೇಲೆ ಅಪ್ಪನ ಎದುರು ಕೂತು ಇದನ್ನೆಲ್ಲ ಕೇಳಿ ಅಂತ ಅವರು ಹೇಳಿದರೆ? ಅದು ನನ್ನಿಂದ ಆಗುವುದಿಲ್ಲ. ಮಾಡುವ ಆಸೆಯೂ ಇಲ್ಲ.

ಕೇಳುವ_ಕೆಲಸ

ನಗು ನಮಗೆ ಹೊಸದಲ್ಲ. ಅತಿ ನೋವಿನ ಮಾತನ್ನು ನಗುತ್ತಾ ಹೇಳುವವರನ್ನು ದಿನವೂ ನೋಡುತ್ತೇನೆ, ಹೇಳುವಾಗ ಮೈ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ ಅದು. ‘ನಗು ಬರುತ್ತದೆ, ಆದರೆ ನಗುವ ವಿಷಯ ಅಲ್ಲ’ ಅಂತ ಮೊದಲೇ ಹೇಳಿಬಿಡಿ.

ಅಪ್ಪನ ಎದುರು ಕೂರುವುದು ಕಡ್ಡಾಯ ಅಲ್ಲ. ನನ್ನ ಹತ್ತಿರ ಬಂದವರಲ್ಲಿ ಅಪ್ಪ ಅಮ್ಮನಿಗೆ ನೇರವಾಗಿ ಹೇಳಿದವರು ತೀರಾ ಕಡಿಮೆ. ಹೇಳದವರೂ ಚೇತರಿಸಿಕೊಂಡಿದ್ದಾರೆ. ಎಡ್ವರ್ಡ್ ಬೋರ್ಡಿನ್ ಅನ್ನುವ ಮನಃಶಾಸ್ತ್ರಜ್ಞರು 1979ರಲ್ಲೇ ಹೇಳಿದ ಒಂದು ಮಾತು ಈಗಲೂ ನಮಗೆ ಆಧಾರ. ಥೆರಪಿ ನಡೆಯಬೇಕಾದರೆ ಇಬ್ಬರ ಮಧ್ಯೆ ನಂಟು ಇರಬೇಕು, ಗುರಿ ಏನು, ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು. ಗುರಿ ನಿಮ್ಮದು. ‘ನನಗೆ ನಿದ್ದೆ ಬೇಕು, ಅಪ್ಪನ ಜೊತೆ ಜಗಳ ಬೇಡ’ ಅಂತ ಹೇಳಿ. ಅದನ್ನು ಕೇಳದ ಥೆರಪಿಸ್ಟ್ ಆದರೆ ಮೇಲೆ ‘ಎರಡನೇ_ಸಲ’ ಅವರು ಹೇಳಿದ್ದು ನೆನಪಿಸಿಕೊಳ್ಳಿ.

ಬರೆಯುವುದರ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಜೇಮ್ಸ್ ಪೆನ್‌ಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರಿಗೆ ಸುಮ್ನೆ ಯಾವುದಾದರೂ ವಿಷಯ, ಕೆಲವರಿಗೆ ಬದುಕಿನ ನೋವಿನ ಘಟನೆ. ನೋವಿನ ಘಟನೆಯನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರಿಗೆ ಬರೆದ ತಕ್ಷಣ ಮನಸ್ಸು ಕೆಟ್ಟಿತ್ತು, ರಕ್ತದೊತ್ತಡ ಕೂಡ ಏರಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಚಿಕ್ಕ ಪ್ರಯೋಗ ಅದು, ಅದರಿಂದ ಎಲ್ಲವೂ ಸಿದ್ಧವಾಗುವುದಿಲ್ಲ. ‘ನೀಲಿ_ನೋಟ್‌ಬುಕ್’ ಅವರ ಎರಡು ದಿನದ ಸುಸ್ತು ಓದಿದಾಗ ನೆನಪಾಯಿತು. ನೀವು ಮುಕ್ಕಾಲು ಗಂಟೆ ಕೂತು ಬರೆದದ್ದೂ ಅದೇ ಕೆಲಸ. ಬೇಕಿದ್ದರೆ ಆ ಪೋಸ್ಟನ್ನೇ ಅವರಿಗೆ ತೋರಿಸಿ.

ಹಿರಿಮಗ

ಎಲ್ಲರೂ ಹೇಗೆ ಹೇಳಬೇಕು ಅಂತ ಹೇಳಿದ್ದಾರೆ. ನಾನು ಆ ದ್ರೋಹದ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಒಂಬತ್ತು ವರ್ಷ ಕಳೆದೆ.

ನಮ್ಮಪ್ಪನೂ ವಯಸ್ಸಾದ ಮೇಲೆ ಮೆತ್ತಗಾದರು. ಬೆಲ್ಟು ಹಿಡಿಯುತ್ತಿದ್ದ ಕೈ ಲೋಟ ಹಿಡಿಯುವಾಗ ನಡುಗುತ್ತಿತ್ತು. ಸ್ನಾನ ನಾನೇ ಮಾಡಿಸುತ್ತಿದ್ದೆ. ಬೆನ್ನಿಗೆ ನೀರು ಹಾಕುವಾಗ ಒಮ್ಮೊಮ್ಮೆ ಅಯ್ಯೋ ಅನ್ನಿಸುತ್ತಿತ್ತು, ಒಮ್ಮೊಮ್ಮೆ ಎಂಥ ಸಿಟ್ಟು ಬರುತ್ತಿತ್ತು ಅಂದರೆ ಚೊಂಬು ಕೆಳಗಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದೆ. ಹೆಂಡತಿ ಥೆರಪಿಗೆ ಹೋಗು ಅಂದಳು. ನಾನು ಅವರು ಇರುವವರೆಗೆ ಬೇಡ ಅಂದೆ. ಬದುಕಿರುವ ಅಪ್ಪನ ಬಗ್ಗೆ ಹೇಳುವುದು ತಪ್ಪು, ಅವರು ಹೋದ ಮೇಲೆ ಯಾರಿಗೂ ನೋವಾಗುವುದಿಲ್ಲ, ಆಗ ಹೇಳಬಹುದು ಅಂತ ನನ್ನ ಲೆಕ್ಕ.

ಅವರು ಹೋದರು. ನಾನು ಥೆರಪಿಗೆ ಹೋದೆ. ಬಾಯಿ ತೆರೆಯಲು ಆಗಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಮನಸ್ಸು ಹೊಸ ರೂಲ್ಸು ತೆಗೆಯಿತು. ಫೋಟೋದಲ್ಲಿ ನಗುತ್ತಿರುವ ಮನುಷ್ಯನ ಮೇಲೆ ಹೇಗೆ ಹೇಳಲಿ? ಬದುಕಿದ್ದಾಗ ಅವರು ಪ್ರತಿದಿನ ಬದಲಾಗುತ್ತಿದ್ದರು, ಒಂದು ದಿನ ಪಾಪ ಅನ್ನಿಸಿದರೆ ಇನ್ನೊಂದು ದಿನ ಹಳೆಯ ದನಿ ಬರುತ್ತಿತ್ತು. ಸತ್ತ ಮೇಲೆ ಒಳ್ಳೆಯವರಾಗಿಯೇ ಉಳಿದುಬಿಟ್ಟರು. ಅವರ ಜೊತೆ ಆ ಹುಡುಗ ಒಬ್ಬನೇ ಉಳಿದ.

ನನಗೆ ಕೊನೆಗೆ ದಾರಿ ಸಿಕ್ಕಿದ್ದು ಹೀಗೆ. ‘ನಿಮ್ಮ ತಂದೆ ಹೇಗಿದ್ದರು ಅಂತ ಹೇಳಬೇಡಿ. ನಿಮಗೆ ಒಂಬತ್ತು ವರ್ಷ ಇದ್ದಾಗ ಸಂಜೆ ಐದರಿಂದ ಎಂಟರವರೆಗೆ ನೀವು ಏನು ಮಾಡುತ್ತಿದ್ದಿರಿ, ಅದನ್ನು ಹೇಳಿ’ ಅಂದರು. ಅದನ್ನು ಹೇಳಬಹುದಿತ್ತು. ಅದರಲ್ಲಿ ದೂರು ಇರಲಿಲ್ಲ. ಟ್ಯಾಂಕಿನ ಹಿಂದೆ ಕೂತಿರುತ್ತಿದ್ದೆ, ಕತ್ತಲಾದ ಮೇಲೆ ಒಳಗೆ ಹೋಗುತ್ತಿದ್ದೆ. ಅಷ್ಟೇ ಹೇಳಿದೆ, ನನಗೆ 47 ವರ್ಷ ಆಗ.

ಮೇಡಂ, ನಿಮ್ಮ ಅಪ್ಪ ಇನ್ನೂ ಫೋನ್ ಮಾಡುತ್ತಿದ್ದಾರೆ. ನೀವು ಹೇಳಿದರೆ ಆ ಫೋನು ನಿಂತುಹೋಗುವುದಿಲ್ಲ. ಅವರಿಗೆ ತಿಳಿಯುವುದೂ ಇಲ್ಲ. ನನ್ನ ಹಾಗೆ ಕಾಯಬೇಡಿ.

ನೀಲಿ_ನೋಟ್‌ಬುಕ್

@ಹಿರಿಮಗ ಸರ್, ಟ್ಯಾಂಕಿನ ಹಿಂದಿನ ಹುಡುಗನ ವಿಷಯ ಓದಿ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನೀವು ಬರೆದದ್ದು ಒಳ್ಳೆಯದಾಯಿತು, ಅಷ್ಟೇ ಹೇಳಬಲ್ಲೆ.

ಸದ್ದಿಲ್ಲದವಳು

ಎರಡು ವಾರ ಆಯಿತು, ಅಪ್‌ಡೇಟ್ ಕೊಡುತ್ತೇನೆ ಅಂತ ಯಾರಿಗೂ ಮಾತು ಕೊಟ್ಟಿರಲಿಲ್ಲ, ಆದರೂ ನಿಮಗೆ ಹೇಳದೇ ಇರಲು ಆಗುತ್ತಿಲ್ಲ.

ಒಂಬತ್ತನೇ ಸೆಷನ್‌ನಲ್ಲಿ ಆಗಲಿಲ್ಲ. ಹೋಗಿ ಆಫೀಸಿನ ಕಥೆ ಹೇಳಿ ಬಂದೆ. ಬರುವಾಗ ಆಟೋದಲ್ಲಿ ಅತ್ತೆ.

ಹತ್ತನೆಯದರಲ್ಲಿ ಕೂತ ತಕ್ಷಣ, ಅವರು ಹೇಗಿದ್ದೀರಿ ಅನ್ನುವ ಮೊದಲೇ, ‘ಮನೆ ಹೇಗಿತ್ತು ಅಂತ ಎರಡು ಸಲ ಕೇಳಿದ್ದಿರಿ, ನಾನು ಹೇಳಿದ್ದು ಸರಿ ಇಲ್ಲ’ ಅಂದೆ. ‘ನಗು ಬರಬಹುದು, ನಗುವ ವಿಷಯ ಅಲ್ಲ. ಕೈ ಎತ್ತಿದರೆ ನಿಲ್ಲಿಸಿ’ ಅಂತಲೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ‘ಸರಿ’ ಅಂದರು.

ಪೋಸ್ಟ್ ತೋರಿಸಬೇಕು ಅಂದುಕೊಂಡಿದ್ದೆ, ಫೋನು ಬ್ಯಾಗಿನಲ್ಲೇ ಉಳಿಯಿತು. ಹಿರಿಮಗ ಸರ್ ಹೇಳಿದ ಹಾಗೆ ಅಪ್ಪ ಹೇಗಿದ್ದರು ಅಂತ ಹೇಳಲಿಲ್ಲ, ಮೆಟ್ಟಿಲಿನ ಸದ್ದು ಕೇಳಿದಾಗ ನಾನು ಏನು ಮಾಡುತ್ತಿದ್ದೆ ಅಂತ ಹೇಳಿದೆ. ಒಟ್ಟು ಆರೇಳು ವಾಕ್ಯ ಇರಬಹುದು. ತಮ್ಮನನ್ನು ಒಳಗೆ ಕಳಿಸುತ್ತಿದ್ದೆ ಅನ್ನುವವರೆಗೆ ಬಂದೆ, ಗಂಟಲು ಕಟ್ಟಿತು, ಕೈ ಎತ್ತಿದೆ. ಅವರು ನಿಜಕ್ಕೂ ಸುಮ್ಮನಾದರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲೆ ನಾನು ಕೈ ಇಳಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. ‘ತಮ್ಮನನ್ನು ಒಳಗೆ ಕಳಿಸಿ ನೀವು ಎಲ್ಲಿ ಇರುತ್ತಿದ್ದಿರಿ?’

ಇಷ್ಟು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ಯೋಚಿಸಿಲ್ಲ. ರೂಮಿನ ಬಾಗಿಲು ಹೊರಗಿನಿಂದ ಎಳೆದುಕೊಂಡು ಅದರ ಮುಂದೆ ನಿಂತಿರುತ್ತಿದ್ದೆ. ಇದು ನಾನು ಮರೆತದ್ದಲ್ಲ, ಬಾಗಿಲ ಬಣ್ಣ ಕೂಡ ಗೊತ್ತು. ಆದರೆ ಆ ಕಥೆಯಲ್ಲಿ ನಾನು ಯಾವಾಗಲೂ ತಮ್ಮನನ್ನು ನೋಡುತ್ತಿದ್ದೆ, ನನ್ನನ್ನು ನೋಡಿರಲಿಲ್ಲ. ಹೇಳಿದೆ. ನಗು ಬರಲಿಲ್ಲ.

ಚೀಟಿಗಳ ವಿಷಯ ಇನ್ನೂ ಹೇಳಿಲ್ಲ. ಅಮ್ಮನ ವಿಷಯ ಅಪ್ಪನದಕ್ಕಿಂತ ಕಷ್ಟ ಅಂತ ಈಗ ಅನ್ನಿಸುತ್ತಿದೆ, ಅದು ನನಗೇ ಆಶ್ಚರ್ಯ.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂತ ಬರೆಯುವ ಹಾಗಿಲ್ಲ. ಮೂರು ಗಂಟೆಯವರೆಗೆ ಎದ್ದೇ ಇದ್ದೆ. ಬೆಳಿಗ್ಗೆ ಅಪ್ಪ ಫೋನ್ ಮಾಡಿದರು, ಅದೇ ಪ್ರಶ್ನೆ. ಯಾವಾಗಲೂ ‘ಹೂಂ, ಬಂತು’ ಅನ್ನುತ್ತಿದ್ದೆ. ಅವತ್ತು ‘ಇಲ್ಲ ಅಪ್ಪ, ಬರಲಿಲ್ಲ, ತುಂಬ ದಿನದಿಂದ ಬರುತ್ತಿಲ್ಲ’ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ನನಗೂ ಬರಲ್ಲ ಪುಟ್ಟಿ’ ಅಂದರು.

ಗುರುವಾರ ಮುಂದಿನ ಸೆಷನ್.